ಜನ್ನತಬಿಯ ಖಾಲಿ ಗೋಡೆ

ಕುತುಬುದ್ದೀನ: ಒಂದ ಮೊಳಿ, ಜನ್ನತ. ಬರೇ ಒಂದ.

ಜನ್ನತಬಿ: ಅರ್ಧ ಮೊಳಿನೂ ಇಲ್ಲ.

ಮುದ್ದೇಬಿಹಾಳದ ಮಾರ್ಕೆಟ್ ಯಾರ್ಡಿನಲ್ಲಿ ತೊಗರಿ ಅಡತಿ ಅಂಗಡಿ ನಡೆಸುವ ಕುತುಬುದ್ದೀನ, ಅಲ್ಲಿ ಗಟ್ಟಿ ದನಿಯ ಮನುಷ್ಯ. ಈಗ ಕೈಯಲ್ಲಿ ಸುತ್ತಿಗೆ, ಕಂಕುಳಲ್ಲಿ ಅಂಗಡಿಯವರು ಕೊಟ್ಟ ಹೊಸ ವರ್ಷದ ಕ್ಯಾಲೆಂಡರುಗಳ ಸುರುಳಿ ಹಿಡಿದು ತನ್ನದೇ ಪಡಸಾಲೆಯಲ್ಲಿ ಬೇಡಿಕೊಳ್ಳುತ್ತಿದ್ದ. ಹೆಂಡತಿ ಜನ್ನತಬಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಮೊನ್ನೆಯವರೆಗೆ ಆ ಗೋಡೆಯ ಮೇಲೆ ಊರಿನ ಅರ್ಧ ಬಜಾರವೇ ನೇತಾಡುತ್ತಿತ್ತು. ಅವಳು ಎಲ್ಲವನ್ನೂ ಇಳಿಸಿ, ಮೊಳೆ ಕಿತ್ತು, ತೂತು ಮುಚ್ಚಿ, ತಿಳಿ ಹಳದಿ ಬಣ್ಣ ಬಳಿದಿದ್ದಳು.

ಜನ್ನತಬಿ: ನನ್ನ ತಂಗಿ ಹುಮಾ ಇಂಡಿ ಊರಿಂದ ವಿಡಿಯೋ ಕಳಿಸ್ಯಾಳ. ಹೊಸ ವರ್ಷಕ್ಕ ಮನಿ ಹೊಸಾದ ಕಾಣಬೇಕಂದ್ರ ಹೊಸಾ ಸಾಮಾನ ಏನೂ ಬ್ಯಾಡಂತ. ಒಂದ ಗ್ವಾಡಿ ಖಾಲಿ ಬಿಡ್ರಿ, ಕಣ್ಣಿಗೆ ಆರಾಮ ಅಂತ ಹೇಳ್ಯಾರ.

ಕುತುಬುದ್ದೀನ: ಆ ವಿಡಿಯೋ ಮಾಡಿದವರಿಗೆ ದೋಸ್ತರಿಲ್ಲ.

ಜನ್ನತಬಿ: ನಿಮಗ ಭಾಳ ಮಂದಿ ಅದಾರ. ಅದಕ್ಕ ನಮಗ ಗ್ವಾಡಿ ಇಲ್ಲ.

ಕುತುಬುದ್ದೀನ: ಹಾಸಿಗಿ ಬಿಸಲಿಗೆ ಹಾಕಿದಿ, ಹೂಂ ಅಂದೆ. ಮಂಚ ಕಿಡಕಿ ಕಡೆ ಸರಿಸಿದಿ. ಹಳೇ ಜಾಗಾದಾಗ ಕುಂದ್ರಾಕ ಹೋಗಿ ನೆಲಕ್ಕ ಬಿದ್ದೆ, ಆದ್ರೂ ಹೂಂ ಅಂದೆ. ಈಗ ಸಿಮೆಂಟ್ ಅಂಗಡಿ ಶ್ರೀಶೈಲ ಚಾಕ್ಕ ಬರಾಕತ್ತಾನ. ಅವ ಯಾರ ಮನಿಗೆ ಹೋದ್ರೂ ಚಪ್ಪಲಿ ಬಿಡೂಕಿಂತ ಮೊದಲ ತನ್ನ ಕ್ಯಾಲೆಂಡರ್ ಎಲ್ಲೈತಿ ಅಂತ ನೋಡ್ತಾನ!

ಜನ್ನತಬಿ: ನೋಡ್ಲಿ ಬಿಡ್ರಿ.

ಕುತುಬುದ್ದೀನ: ನಮ್ಮ ದೋಸ್ತ ಅಮೋಘಸಿದ್ಧ ಶ್ರೀಶೈಲನ ಕ್ಯಾಲೆಂಡರ್ ಬಚ್ಚಲ ಬಾಗಲಕ್ಕ ಹಾಕಿದ್ದ. ಏನಾತು? ಸುಗ್ಗಿ ಮುಗಿಯೂತನಾ ಶ್ರೀಶೈಲ ಅವನ ಕೂಡ ಮಾತ ಬಿಟ್ಟ. ನಾವು ಸಾಲಿಯಿಂದ ಕೂಡಿ ಬೆಳದವರು. ಒಂದ ಮೊಳಿ ಸಲುವಾಗಿ ನನ್ನ ದೋಸ್ತೀ ಕೆಡಸಬ್ಯಾಡ.

ಜನ್ನತಬಿ: ಆ ಕ್ಯಾಲೆಂಡರಿನಾಗ ಸಿಮೆಂಟ್ ಚೀಲದ ಮುಂದ ಕೈ ಮುಗಕೊಂಡ ನಿಂತಿರ್ತಾರ ಅವರು. ಕಸಾ ಹೊಡದ್ರೂ ನೋಡ್ತಾರ, ಕಾಳ ಹಸನ ಮಾಡಿದ್ರೂ ನೋಡ್ತಾರ. ಹನ್ನೆರಡೂ ತಿಂಗಳು ನಾ ಸೆರಗ ಸರಿ ಮಾಡಕೋತ ಅಡ್ಯಾಡಬೇಕು.

ಕುತುಬುದ್ದೀನ: ದೋಸ್ತನ ಮೋತಿ ನೋಡಾಕ ಏನ ಸಂಕಟ? ನನ್ನ ಎದುರಿಗೆ ಇದ್ರ ನಾ ದಿನಾ ಖುಷಿಲೆ ನೋಡ್ತೇನಿ.

ಜನ್ನತಬಿ: ಹೌದ್ರಿ? ನೆನಪ ಇಟ್ಟಕೊಳ್ರಿ.

ಆಮೇಲೆ ಅವಳ ದನಿ ಸ್ವಲ್ಪ ಇಳಿಯಿತು.

ಜನ್ನತಬಿ: ಮದಿವ್ಯಾಗಿ ಬಂದಾಗಿಂದ ಈ ಗ್ವಾಡಿ ಬಣ್ಣ ಯಾವದು ಅಂತನೂ ನಾ ನೋಡಿರಲಿಲ್ಲ. ನಿನ್ನೆ ಮುಂಜಾನೆ ಬಿಸಲ ಇದರ ಮ್ಯಾಲ ಬಿತ್ತು. ಚಾ ಹಿಡಕೊಂಡ ಸುಮ್ನ ನೋಡಕೋತ ಕುಂತೆ. ನನಗ ಇದೊಂದ ಗ್ವಾಡಿ ಬೇಕ್ರಿ.

ಕುತುಬುದ್ದೀನನಿಗೆ ಪಾಪ ಅನಿಸಿತು. ಸುತ್ತಿಗೆ ಕೆಳಗಿಟ್ಟ. ಆದರೆ ಗಂಡನಾದವನು ಕೊನೆಯ ಮಾತು ಬಿಡಲಾರ.

ಕುತುಬುದ್ದೀನ: ನಿನ್ನ ಮಾತ ಖರೆ. ಆದ್ರ ನಮ್ಮ ಊರಾಗ ಖಾಲಿ ಗ್ವಾಡಿ ಅಂದ್ರ ನಿಡಗುಂದಿ ಬಸ್ಸಿನಾಗ ಖಾಲಿ ಸೀಟ್ ಇದ್ದಂಗ. ನಾ ಮೊಳಿ ಹೊಡೀಲಿಲ್ಲಂದ್ರ ಮತ್ತೊಬ್ಬ ಬಂದು ಟಾವೆಲ್ ಒಗದು ಜಾಗಾ ಹಿಡೀತಾನ.

ಹೊರಗೆ ಬೈಕಿನ ಹಾರ್ನ್ ಕೇಳಿಸಿತು.

ಕುತುಬುದ್ದೀನ: ಬಂದ! ಒಳಗ ಕಪಾಟಕ್ಕರ ತೂಗ ಹಾಕೂಣು, ಅವನ ಕ್ಯಾಲೆಂಡರ್ ಹುಡುಕು!

ಇಬ್ಬರೂ ಮಂಚದ ಮೇಲೆ ಕುಳಿತು ಸುರುಳಿಗಳನ್ನು ಒಂದೊಂದಾಗಿ ಬಿಚ್ಚಿದರು. ಬಂಗಾರದ ಅಂಗಡಿ ಬಂತು, ಬೀಜದ ಅಂಗಡಿ ಬಂತು, ಮಂಗಲ ಕಾರ್ಯಾಲಯ ಬಂತು. ಶ್ರೀಶೈಲಪ್ಪನ ಸಿಮೆಂಟ್ ಅಂಗಡಿ ಬರಲೇ ಇಲ್ಲ.

ಜನ್ನತಬಿ: ಎಲ್ಲೆ ಕಳದ್ರಿ?

ಕುತುಬುದ್ದೀನ: ಅಡತಿಯಾಗ ಬಿದ್ದಿರಬೇಕು. ನನ್ನ ಕಥಿ ಮುಗೀತು.

ಶ್ರೀಶೈಲಪ್ಪ ದೊಡ್ಡದೊಂದು ಕೈಚೀಲ ಹಿಡಿದು ಬಾಗಿಲಲ್ಲಿ ನಿಂತ. ಚಪ್ಪಲಿ ಬಿಡುವ ಮೊದಲೇ ಗೋಡೆ ನೋಡಿದ. ನೋಡಿದವನು ಬಾಯಿ ತೆರೆದುಕೊಂಡೇ ನಿಂತುಬಿಟ್ಟ.

ಶ್ರೀಶೈಲಪ್ಪ: ಕುತುಬು... ಏನಿದು?

ಕುತುಬುದ್ದೀನ: ತಪ್ಪ ತಿಳೀಬ್ಯಾಡ ಶ್ರೀಶೈಲ. ನಿನ್ನ ಹೊಸಾ ಕ್ಯಾಲೆಂಡರ್ ಫ್ರೇಮ್ ಹಾಕ್ಸಾಕ ಕೊಟ್ಟೇನಿ.

ಜನ್ನತಬಿ: (ಅದೇ ಉಸಿರಿಗೆ) ಒಳಗ ಖೋಲಿಯಾಗ ತೂಗ ಹಾಕೇವ್ರಿ ಅಣ್ಣಾರ!

ಶ್ರೀಶೈಲಪ್ಪ: ಫ್ರೇಮಿಗೆ ಕೊಟ್ಟೀರೋ, ಒಳಗ ಹಾಕೀರೋ?

ಕುತುಬುದ್ದೀನ: ಒಂದ ಫ್ರೇಮಿಗೆ, ಒಂದ ಒಳಗ. ಮುಂಜಾನೆ ಎದ್ದ ಕೂಡ್ಲೆ ನಿನ್ನ ಮುಖ ನೋಡೇ ಮುಂದಿನ ಕೆಲಸ!

ಶ್ರೀಶೈಲಪ್ಪ: ಎರಡೆರಡು? ಲೇ, ಈ ವರ್ಷ ನಾ ಕ್ಯಾಲೆಂಡರ್ ಪ್ರಿಂಟ ಹೊಡಸೇ ಇಲ್ಲಲ್ಲೋ!

ಜನ್ನತಬಿ ಚಹಾದ ನೆಪ ಮಾಡಿ ಒಳಗೆ ಓಡುವವಳಿದ್ದಳು. ಅಷ್ಟರಲ್ಲಿ ಶ್ರೀಶೈಲಪ್ಪ ಹೊಟ್ಟೆ ಹಿಡಿದು ನಕ್ಕ.

ಶ್ರೀಶೈಲಪ್ಪ: ಇರ್ಲಿ ಬಿಡ್ರಿ. ಭಾಬಿ, ಇಂಥಾ ಗ್ವಾಡಿ ಇಡೀ ಊರಾಗ ನೋಡಿಲ್ಲ ನಾ. ಎಷ್ಟ ಚಂದ, ಎಷ್ಟ ಖಾಲಿ!

ಜನ್ನತಬಿ: (ಗಂಡನ ಕಡೆ ತಿರುಗಿ) ಕೇಳಿದ್ರಿ?

ಶ್ರೀಶೈಲಪ್ಪ: ಇದಕ್ಕಂತನ ಮಾಡಿಸಿದಂಗಾತು ನೋಡ್ರಿ!

ಕೈಚೀಲದಿಂದ ಅವನು ಒಂದು ಗಡಿಯಾರ ಹೊರಗೆಳೆದ. ಹಿಟ್ಟು ನಾದುವ ಪರಾತದಷ್ಟು ಅಗಲ. ಸುತ್ತ ಸಿಮೆಂಟ್ ಅಂಗಡಿಯ ಹೆಸರು, ನಡುವೆ ಕೈ ಮುಗಿದ ಶ್ರೀಶೈಲಪ್ಪ. ಸೆಕೆಂಡಿನ ಮುಳ್ಳು ಅವನ ಮೀಸೆಯ ಮೇಲೆ ಟಕ್ ಟಕ್ ಎಂದು ಓಡುತ್ತಿತ್ತು.

ಶ್ರೀಶೈಲಪ್ಪ: ಕ್ಯಾಲೆಂಡರ್ ಆದ್ರ ಜನೇವರಿ ಬಂತಂದ್ರ ಕಿತ್ತ ಒಗೀತಾರ. ಇದನ್ನ ಯಾರ ಕೀಳ್ತಾರ? ಸೆಲ್ ಹಾಕಕೋತ ಹೋದ್ರ ಮೊಮ್ಮಕ್ಕಳ ಕಾಲಕ್ಕೂ ನಾ ಇಲ್ಲೇ!

ಕುತುಬುದ್ದೀನ: (ಮೆಲ್ಲಗೆ, ಹೆಂಡತಿಯ ಕಿವಿಯಲ್ಲಿ) ಬಿತ್ತ ನೋಡು ಟಾವೆಲ್.

ಶ್ರೀಶೈಲಪ್ಪ ನೆಲದ ಮೇಲಿನ ಸುತ್ತಿಗೆ ಎತ್ತಿಕೊಂಡು ತಿಳಿ ಹಳದಿ ಗೋಡೆಯ ನಟ್ಟನಡುವೆ ಬೆರಳಿಟ್ಟ. ಜನ್ನತಬಿ ಮುಖದ ತುಂಬ ನಗು ತಂದುಕೊಂಡಳು.

ಜನ್ನತಬಿ: ಅಣ್ಣಾರ, ತಡೀರಿ! ಇಂಥಾ ಗಡಿಯಾರ ಮನ್ಯಾಗ ಹಾಕಿ ಹಾಳ ಮಾಡ್ತೀರೇನ್ರಿ? ಇಲ್ಲಿ ನೋಡಾವ್ರು ನಾವಿಬ್ಬರ. ಅಡತಿಯಾಗ ಹಾಕಿದ್ರ ಇಡೀ ತಾಲೂಕ ನೋಡ್ತೈತಿ. ತೊಗರಿ ತಂದ ರೈತ ಮನಿ ಕಟ್ಟಿಸಬೇಕಂದ್ರ ಯಾರ ಮುಖ ನೆನಪಾಗಬೇಕು?

ಶ್ರೀಶೈಲಪ್ಪ: (ಸುತ್ತಿಗೆ ಇಳಿಸಿ) ಏ ಕುತುಬು, ಇಷ್ಟ ಶಾಣ್ಯಾ ಹೇಣ್ತಿನ್ನ ಇಟಗೊಂಡ ನೀ ಇನ್ನೂ ತೊಗರಿ ತೂಗಾಕತ್ತೀಯಲ್ಲೋ! ಆದ್ರ ಅಡತಿಯಾಗ ಎಲ್ಲೆ ಹಾಕೂಣು?

ಜನ್ನತಬಿ: ಇವರ ಕುರ್ಚಿ ಎದುರಿಗೇ ಹಾಕ್ರಿ. ದೋಸ್ತನ ಮೋತಿ ಎದುರಿಗಿದ್ರ ದಿನಾ ಖುಷಿಲೆ ನೋಡ್ತೇನಿ ಅಂತ ಈಗರ ಅಂದ್ರು.

ಶ್ರೀಶೈಲಪ್ಪನ ಕಣ್ಣುಗಳು ಒದ್ದೆಯಾದವು. ಗೆಳೆಯನನ್ನು ಬಿಗಿಯಾಗಿ ಅಪ್ಪಿಕೊಂಡ. ಅವನ ಹೆಗಲ ಮೇಲಿಂದ ಕುತುಬುದ್ದೀನ ಹೆಂಡತಿಯನ್ನು ದುರುಗುಟ್ಟಿ ನೋಡಿದ.

ಕುತುಬುದ್ದೀನ: (ಮೆಲ್ಲಗೆ) ಜನ್ನತ, ಅಡತಿಯಾಗ ಅದೊಂದ ಗ್ವಾಡಿ ಖಾಲಿ ಇತ್ತಲೇ!

ಜನ್ನತಬಿ: (ಅಷ್ಟೇ ಮೆಲ್ಲಗೆ) ನಿಮ್ಮ ಸೀಟಿಗೆ ನೀವ ಟಾವೆಲ್ ಒಗೀಬೇಕಿತ್ತು. (ಗಟ್ಟಿಯಾಗಿ) ಬರ್ರಿ ಅಣ್ಣಾರ, ಈ ಕಡೆ ಕುಂದರ್ರಿ, ಚಾ ತರ್ತೇನಿ. ಇಲ್ಲಿಂದ ಗ್ವಾಡಿ ಛಲೋ ಕಾಣ್ತೈತಿ.