ಹಲಸಿನಹಣ್ಣಿನೆದುರು ಟೈಟಾನಿಯಂ

ನನ್ನ ಹೆಂಡತಿ ತುಳಸಿಗೆ ಲೋಹಶಾಸ್ತ್ರ ತಿಳಿಯದು. ಈ ಒಂದು ಕೊರತೆಯಿಂದ ನಮ್ಮ ದಾಂಪತ್ಯ ಎಷ್ಟು ನರಳಿದೆಯೆಂದು ಹುದಿಕೇರಿಯ ಜನಕ್ಕೆ ಗೊತ್ತಿಲ್ಲ. (ಗೊತ್ತಿದೆ. ಅವಳ ದನಿ ಗೇಟಿನಾಚೆಗೂ ಕೇಳುತ್ತದೆ.)

ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ನಾನು ಈ ಸಲದ ಬೋನಸ್ಸಿನಲ್ಲಿ ಒಂದು ಮಡಚುವ ಚಾಕು ತರಿಸಿದೆ. ಹಿಡಿ ಟೈಟಾನಿಯಂ, ಅಂದರೆ ವಿಮಾನಕ್ಕೆ ಹಾಕುವ ಲೋಹ. ಅಲಗು ಲೋಹದ ಪುಡಿ ಒತ್ತಿ ಮಾಡಿದ ಪರಮೋಚ್ಚ ಉಕ್ಕು. ಕೀಲಿನೊಳಗೆ ಪಿಂಗಾಣಿಯ ಬೇರಿಂಗು! ಹೆಬ್ಬೆರಳು ತಾಗಿಸಿದರೆ ‘ಟಣಕ್’ ಎಂದು ತೆರೆದುಕೊಳ್ಳುತ್ತದೆ. ಆ ಸದ್ದಿಗಾಗಿಯೇ ದಿನವಿಡೀ ತೆರೆದು ಮುಚ್ಚುತ್ತಿದ್ದೆ. ಏನನ್ನೂ ಕತ್ತರಿಸಲಿಲ್ಲ. ಗೀರು ಬಿದ್ದರೆ?

“ಯಾವ ಬೋನಸ್ಸು? ಫ್ರಿಜ್ಜಿನ ಬೋನಸ್ಸಾ?” ಎಂದಳು ತುಳಸಿ.

“ಫ್ರಿಜ್ಜು ಹಾಳಾಗ್ತದೆ ಮಾರಾಯ್ತಿ. ಇದು ಮೊಮ್ಮಕ್ಕಳ ಕಾಲಕ್ಕೂ ಇರ್ತದೆ.”

“ಮೊಮ್ಮಕ್ಕಳು ಇದರಲ್ಲಿ ಹಾಲು ಇಡ್ತಾರಾ?” ಚಾಕುವನ್ನು ಅಂಗೈಯಲ್ಲಿ ತೂಗಿ ನೋಡಿದಳು. “ಎಂತ ಇಷ್ಟು ಹಗುರ? ಒಳಗೆ ಏನೂ ಇಲ್ವಾ?”

“ಹಗುರ ಇರೋದಕ್ಕೇ ಅಷ್ಟು ಬೆಲೆ!”

ಕೈಲ್ ಮುಹೂರ್ತ ಹತ್ತಿರ ಬಂದಿತ್ತು. ಅಂದು ಕೋವಿ, ಕತ್ತಿ, ಗುದ್ದಲಿಗಳನ್ನೆಲ್ಲ ತೊಳೆದು ದೇವರ ಕೋಣೆಯಲ್ಲಿ ಸಾಲಾಗಿಟ್ಟು, ಗಂಧ ಹಚ್ಚಿ, ತೋಕ್‌ಪೂ ಹೂವಿಟ್ಟು ಪೂಜಿಸುತ್ತೇವೆ. ನನ್ನ ಚಾಕು ಅಜ್ಜನ ಕೋವಿಯ ಪಕ್ಕದಲ್ಲೇ ಮೆರೆಯಬೇಕು, ಊಟಕ್ಕೆ ಬರುವ ಭಾವಮೈದುನ ನವೀನ್ ಅದನ್ನು ನೋಡಿ ಹೊಟ್ಟೆ ಉರಿದುಕೊಳ್ಳಬೇಕು. ಬಾಳಿನಲ್ಲಿ ನಾನು ಬೇರೇನನ್ನೂ ಬೇಡಿದವನಲ್ಲ.

“ದುಡಿಯುವ ಸಾಮಾನಿಗೆ ಮಾತ್ರ ಹೂವು,” ಎಂದಳು ತುಳಸಿ. “ಈ ಹಲಸಿನಹಣ್ಣು ಕೊಯ್ದು ತೋರಿಸಿ. ಮತ್ತೆ ಬೇಕಾದ್ರೆ ಕೋವಿಯ ತಲೆ ಮೇಲೆ ಇಡುವ.”

ಮಳೆಗಾಲದ ಕೊನೆಯ ಹಲಸು, ದೈತ್ಯ ಗಾತ್ರದ್ದು. ತುಳಸಿ ಕೊಬ್ಬರಿ ಎಣ್ಣೆಯ ಬಟ್ಟಲನ್ನು ನನ್ನತ್ತ ತಳ್ಳಿದಳು. “ಸವರಿಕೊಳ್ಳಿ. ಅಂಟು ಉಂಟು.”

“ಎಣ್ಣೆ ನಿನ್ನ ಕತ್ತಿಗೆ!” ಎಂದೆ. (ಅವಳದು ವಿರಾಜಪೇಟೆಯಲ್ಲಿ ಕೊಂಡದ್ದು, ಹಳೇ ಜೀಪಿನ ಪ್ಲೇಟು ಬಡಿದು ಮಾಡಿದ್ದು.) “ಪ್ರೀಮಿಯಂ ಉಕ್ಕಿಗೆ ಎಣ್ಣೆ ಹಚ್ಚೋದು ಅವಮಾನ.”

ಅಲಗು ಸರ್ರನೆ ಇಳಿಯಿತು. ಆದರೆ ಹಣ್ಣಿನ ಕಾಲುಭಾಗಕ್ಕೇ ಅದರ ಉದ್ದ ಮುಗಿಯಿತು. ಅಷ್ಟರಲ್ಲಿ ಬಿಳಿ ಅಂಟು ಅಲಗು, ಕೀಲು, ಬೇರಿಂಗು, ನನ್ನ ಬೆರಳು ಎಲ್ಲವನ್ನೂ ಭೇದಭಾವವಿಲ್ಲದೆ ಅಪ್ಪಿಕೊಂಡಿತ್ತು. ಗಾಬರಿಯಲ್ಲಿ ಚಾಕು ಮಡಚಿದೆ. ಮಡಚಿದ್ದು ಮತ್ತೆ ತೆರೆಯಲೇ ಇಲ್ಲ. ಬಿಚ್ಚಿ ತೊಳೆಯೋಣವೆಂದರೆ ಅದರ ಸ್ಕ್ರೂಗಳಿಗೆ ವಿಶೇಷ ಸ್ಕ್ರೂಡ್ರೈವರ್ ಬೇಕಂತೆ. ಅದಕ್ಕೂ ಪ್ರೀಮಿಯಂ ಬೆಲೆ!

ತುಳಸಿ ತನ್ನ ಕತ್ತಿಗೆ ಎಣ್ಣೆ ಸವರಿ ಹಣ್ಣನ್ನು ಸೀಳಿ ಹಾಕಿದಳು. ನನ್ನ ಕೈ ಇನ್ನೂ ಟೈಟಾನಿಯಮ್ಮಿನ ವಶದಲ್ಲಿದ್ದುದರಿಂದ “ಬಾಯಿ ತೆರೀರಿ” ಎಂದು ಒಂದು ತೊಳೆ ತುರುಕಿದಳು. ಹಣ್ಣು ಬಹಳ ರುಚಿಯಾಗಿತ್ತು, ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಮಾರನೆಯ ದಿನ ಅವಳು ಕಣಿಲೆ ಹೆಚ್ಚಿ, ಕಹಿ ಬಿಡಲೆಂದು ನೀರಿಗೆ ಹಾಕಿದ್ದಳು. ಎಳೆಬಿದಿರಿನ ಚೂರುಗಳು ಮೇಲೆ ತೇಲದಂತೆ ತಟ್ಟೆ ಮುಚ್ಚಿ, ಅದರ ಮೇಲೆ ಭಾರಕ್ಕೆ ಏನಾದರೂ ಇಡಬೇಕು. ನನಗೆ ಆಸೆ ಚಿಗುರಿತು.

“ನನ್ನ ಚಾಕು ಇಡು! ನೀರಲ್ಲಿ ಎಷ್ಟು ದಿನ ಇದ್ರೂ ಟೈಟಾನಿಯಂ ತುಕ್ಕು ಹಿಡಿಯೂದಿಲ್ಲ. ಇದೂ ದುಡಿಮೆಯೇ ಅಲ್ವಾ?”

ಇಟ್ಟಳು. ಕಣಿಲೆ ತಟ್ಟೆಯನ್ನು ಚಾಕುವಿನ ಸಮೇತ ಮೇಲಕ್ಕೆತ್ತಿತು. ತಟ್ಟೆ ವಾಲಿ, ಬೋನಸ್ಸು ಪಾತ್ರೆಯೊಳಗೆ ಜಾರಿತು.

“ಹಗುರ ಇರೋದಕ್ಕೇ ಬೆಲೆ ಅಂದಿರಲ್ಲ,” ಎಂದು ತುಳಸಿ ಹಿತ್ತಲಲ್ಲಿ ನೀರು ಹರಿಯುವ ತೋಡಿನ ಬದಿಯಿಂದ ಒಂದು ಕಲ್ಲು ಎತ್ತಿ ತಂದಳು. ಕಣಿಲೆ ತೆಪ್ಪಗೆ ಮುಳುಗಿತು.

ಕೈಲ್ ಮುಹೂರ್ತದ ದಿನ ದೇವರ ಕೋಣೆಯಲ್ಲಿ ಕೋವಿ, ಗುದ್ದಲಿ, ಜೀಪಿನ ಪ್ಲೇಟಿನ ಕತ್ತಿ, ಎಲ್ಲದಕ್ಕೂ ಗಂಧ, ಹೂವು. ಕೋವಿಯ ಪಕ್ಕದಲ್ಲಿ, ನಾನು ಕನಸು ಕಂಡ ಜಾಗದಲ್ಲಿ, ತೋಡಿನ ಕಲ್ಲು ತೋಕ್‌ಪೂ ಮುಡಿದು ಕುಳಿತಿತ್ತು. ನನ್ನ ಚಾಕು ನನ್ನ ಜೇಬಿನಲ್ಲಿತ್ತು, ಕಣಿಲೆಯ ವಾಸನೆ ಬೀರುತ್ತಾ.

ನವೀನ್ ಬಗ್ಗಿ ನೋಡಿದ. “ಭಾವ, ಈ ಕಲ್ಲಿನದ್ದು ಎಂತ ವಿಶೇಷ?”

ತುಳಸಿ ನನ್ನನ್ನೇ ನೋಡುತ್ತಿದ್ದಳು.

“ಭಾರ ಉಂಟು,” ಎಂದೆ.