ಮಾವನವರ ಮೋಟರು ಸೋರಿದ್ದು

ಕೆಟ್ಟ ಯಂತ್ರ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ನಮ್ಮ ಮನೆಯಲ್ಲಿ ನಾನು ಬಿಚ್ಚದ ವಸ್ತುವೇ ಇಲ್ಲ. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿದ್ದೇನೆಯೇ ಎಂದು ಮಾತ್ರ ಕೇಳಬೇಡಿ, ಅದು ನನ್ನ ಹೆಂಡತಿಗೆ ಬಲು ಪ್ರಿಯವಾದ ವಿಷಯ. ಹೀಗಿರುವಾಗ, ತೀರಿಕೊಂಡ ಮಾವನವರ ದೋಣಿಯ ಹಳೇ ಮೋಟರು ಪೆಟ್ರೋಲು ಸೋರುತ್ತಿದೆ ಎಂದು ಗೊತ್ತಾದ ಕೂಡಲೇ ತೋಳೇರಿಸಿಬಿಟ್ಟೆ.

"ಭಾನುವಾರ ಒಂದೇ ಒಂದು ಹನಿ ಸೋರಿದ್ರೆ ಕೇಳು," ಎಂದೆ ಹೆಂಡತಿಗೆ.

"ಗೋಡೆ ಗಡಿಯಾರಾನೂ ಹೀಗೇ ಹೇಳಿ ಬಿಚ್ಚಿದ್ರಿ. ಈಗ ಅದು ರಾತ್ರಿ ಊಟದ ಹೊತ್ತಿಗೆ ಬೆಳಗಾಯ್ತು ಅನ್ನುತ್ತೆ. ಮೆಕ್ಯಾನಿಕ್ಕನ್ನ ಕರೀರಿ."

"ಇಷ್ಟಕ್ಕೆಲ್ಲ ಮೆಕ್ಯಾನಿಕ್ ಯಾಕೆ?"

ಆಕೆ ನಗಲಿಲ್ಲ. "ತಮಾಷೆ ಅಲ್ಲ ರೀ. ಅಪ್ಪ ಹೋದ ಮೇಲೆ ಅಮ್ಮ ನೀರಿನ ಕಡೆ ತಲೆ ಹಾಕಿಲ್ಲ. ಇಂಥದ್ದು ಬೇಕು ಅಂತ ಬಾಯಿಬಿಟ್ಟು ಹೇಳಿಲ್ಲ. ಈಗ ಇದೊಂದು ಕೇಳಿದ್ದಾಳೆ. ಭಾನುವಾರ ಅಪ್ಪನ ದೋಣೀಲಿ, ಅದೇ ಮೋಟರು ಹಾಕಿ, ಕೆರೇಲಿ ಒಂದು ಸುತ್ತು. ಹಾಳು ಮಾಡ್ಬೇಡಿ."

ಆದರೆ ಆಡಿದ ಮಾತನ್ನು ನುಂಗುವುದು ಹೇಗೆ? ಮೋಟರನ್ನು ಊಟದ ಮೇಜಿನ ಅಂಚಿಗೆ ಬಿಗಿದು ಕೂತೆ.

ಪೆಟ್ರೋಲು ಕಾರ್ಬ್ಯುರೇಟರಿನ ಅಡಿಯಿಂದ ತೊಟ್ಟಿಕ್ಕುತ್ತಿತ್ತು. ಪೈಪು ಬದಲಿಸಿದೆ, ಸೋರಿತು. ಹೊಸ ವಾಷರು ಹಾಕಿದೆ, ಇನ್ನಷ್ಟು ಉತ್ಸಾಹದಿಂದ ಸೋರಿತು. ಸ್ಕ್ರೂಗಳನ್ನೆಲ್ಲ ಹಲ್ಲು ಕಚ್ಚಿ ಬಿಗಿದೆ. ಒಂದು ಸ್ಕ್ರೂವಿನ ತಲೆಯೇ ಕಿತ್ತು ಕೈಗೆ ಬಂತು. ಕೆಳಗಿಟ್ಟಿದ್ದ ಹಾಲಿನ ಪಾತ್ರೆ ತುಂಬಿತು. ಹೌದು, ಹಾಲಿನ ಪಾತ್ರೆಯೇ. ಆ ಹೊತ್ತಿಗೆ ಕೈಗೆ ಸಿಕ್ಕಿದ್ದು ಅದು.

ಮೋಟರನ್ನು ನೀರಿನಲ್ಲಿ ಓಡಿಸಿ ನೋಡಬೇಕೆಂದು ಹಿತ್ತಿಲಿನ ಡ್ರಮ್ಮಿಗೆ ಇಳಿಸಿದೆ. ತಳದಲ್ಲಿ ಹೆಂಡತಿ ಹಾಸಿಗೆಯ ಹೊದಿಕೆಗಳನ್ನು ನೆನೆಹಾಕಿದ್ದಾಳೆಂದು ನನಗೇನು ಗೊತ್ತು? ಒಂದು ಹೊದಿಕೆ ಮೋಟರಿನ ರೆಕ್ಕೆಗೆ ಸುತ್ತಿಕೊಂಡು ಚಿಂದಿಯಾಯಿತು. ಉಳಿದವು ಪೆಟ್ರೋಲಿನಲ್ಲಿ ಮಿಂದವು.

ಹೆಂಡತಿ ಬಂದು ನೋಡಿದಳು. ಕಿರುಚಲಿಲ್ಲ. ಅದೇ ಭಯ ಹುಟ್ಟಿಸಿದ್ದು.

"ಈ ಮೋಟರು ಮನೆ ಬಿಡೋವರೆಗೆ ನಾನು ಒಲೆ ಹಚ್ಚಲ್ಲ. ಕಡ್ಡಿ ಗೀರಿದ್ರೆ ನಾವಿಬ್ಬರೂ ಅಪ್ಪನ ಹತ್ರ ಹೋಗ್ತೀವಿ."

ಹಾಗಾಗಿ ಶನಿವಾರ ಬಂದಿಳಿದ ಅತ್ತೆಗೆ ಅಳಿಯನ ಮನೆಯ ಸತ್ಕಾರವೆಂದರೆ ತಣ್ಣನೆಯ ಬ್ರೆಡ್ಡು, ತಣ್ಣೀರು. ಅವರು ಯಾವುದಕ್ಕೂ ತಕರಾರು ಮಾಡಲಿಲ್ಲ. ಮೋಟರಿನ ಬಳಿ ಬಂದು ನಿಂತು, ಆ ವಾಸನೆಯನ್ನು ಒಮ್ಮೆ ಉದ್ದಕ್ಕೆ ಎಳೆದುಕೊಂಡು, "ಇನ್ನೂ ಸೋರ್ತಿದೆಯಾ?" ಎಂದರು. ನನಗೆ ಚುಚ್ಚಿದಂತಾಯಿತು.

ಅಂದು ಮಧ್ಯಾಹ್ನ ಕಾರ್ಬ್ಯುರೇಟರನ್ನು ಪೂರಾ ಬಿಚ್ಚಿದೆ. ಒಳಗೊಂದು ಫ್ಲೋಟ್ ಇರುತ್ತದೆ. ಟಾಯ್ಲೆಟ್ಟಿನ ನೀರಿನ ತೊಟ್ಟಿಯಲ್ಲಿ ನೀರು ತುಂಬಿದಂತೆ ಮೇಲೇರಿ ನಲ್ಲಿ ಮುಚ್ಚುವ ಚೆಂಡಿದೆಯಲ್ಲ, ಅಂಥದ್ದೇ, ಪುಟ್ಟದು. ಅದರ ತುದಿಯಲ್ಲೊಂದು ತಗಡಿನ ನಾಲಿಗೆ. ಆ ನಾಲಿಗೆ ಬಗ್ಗಿದ್ದರಿಂದ ಫ್ಲೋಟ್ ಮೇಲೇರಿದರೂ ಪೆಟ್ರೋಲು ಬರುವ ದಾರಿ ಮುಚ್ಚುತ್ತಿರಲಿಲ್ಲ. ಅದು ತಾನಾಗಿ ಬಗ್ಗಿದ್ದಲ್ಲ. ಅದರ ಮೇಲೆ ಇಕ್ಕಳದ ಹಲ್ಲಿನ ಗುರುತಿತ್ತು.

"ನೋಡಿ ಅತ್ತೆ," ನಾನು ವಿಜಯೋತ್ಸಾಹದಿಂದ ಕೂಗಿದೆ, "ಯಾವನೋ ತಿಳಿಗೇಡಿ ಇದನ್ನ ಬಗ್ಗಿಸಿ ಇಟ್ಟಿದ್ದಾನೆ."

ಅತ್ತೆ ಅಳಿದುಳಿದ ಹೊದಿಕೆಗಳನ್ನು ಮಡಿಸುತ್ತಿದ್ದರು. ಕೈಯಲ್ಲಿದ್ದದ್ದನ್ನು ಬಿಚ್ಚಿ ಮತ್ತೆ ಮಡಿಸಿದರು. ನಾನು ನಾಲಿಗೆಯನ್ನು ನೆಟ್ಟಗೆ ಮಾಡಿದೆ. ಸೋರಿಕೆ ನಿಂತಿತು. ಅಷ್ಟೇ, ಇಷ್ಟು ದಿನದ ರಾಮಾಯಣ.

ಭಾನುವಾರ ಒಂದೇ ಎಳೆತಕ್ಕೆ ಮೋಟರು ಶುರುವಾಯಿತು. ನಾನು ಹಿಂದೆ ಕೂತು ಚಕ್ರವರ್ತಿಯಂತೆ ದೋಣಿ ನಡೆಸಿದೆ. ತಾಯಿ ಮಗಳು ಎದುರಿಗೆ ಕೂತಿದ್ದರು. ಅತ್ತೆ ನೀರು ನೋಡಲಿಲ್ಲ, ದಡ ನೋಡಲಿಲ್ಲ, ಮೋಟರನ್ನೇ ನೋಡುತ್ತಿದ್ದರು. ಕೆರೆಯ ನಡುವಿಗೆ ಬಂದಾಗ ಸದ್ದಿನ ಮೇಲೆ ದನಿಯೆತ್ತಿ ಕೇಳಿದರು:

"ಇನ್ನೂ ನಿಲ್ಲಲಿಲ್ವಲ್ಲ?"

"ಇನ್ನು ನಿಲ್ಲೋ ಮಾತೇ ಇಲ್ಲ ಅತ್ತೆ."

ಅವರ ಮುಖ ಬಾಡಿತು. ಹೆಂಡತಿ ನನ್ನ ಮೊಣಕಾಲು ತಿವಿದಳು. "ನಿಲ್ಲಿಸಿ."

ನಿಲ್ಲಿಸಿದೆ. ದೋಣಿಯ ಹಲಗೆಗೆ ನೀರು ತಟ್ಟುವ ಸದ್ದು ಮಾತ್ರ ಉಳಿಯಿತು.

"ಆ ತಿಳಿಗೇಡಿ ನಿಮ್ಮ ಮಾವನೇ," ಅತ್ತೆ ಮೆಲ್ಲಗೆ ಹೇಳಿದರು. "ನಮ್ಮದು ಎರಡು ಕೋಣೆ ಮನೆ. ಅದರಲ್ಲಿ ನನ್ನ ಅತ್ತೆ, ಮಾವ, ಮೈದುನಂದಿರು, ನಾದಿನಿಯರು. ಗಂಡ ಹೆಂಡತಿ ಎರಡು ಮಾತಾಡೋಕೆ ಒಂದು ಮೂಲೆ ಇರಲಿಲ್ಲ. ದೋಣೀಲಿ ಹೋಗಿ ಬರ್ತೀವಿ ಅಂದ್ರೆ, ಬೇಗ ಬನ್ನಿ ಅನ್ನೋರು. ಮೋಟರು ಕೆಟ್ಟು ನಿಂತ್ರೆ ಯಾರೇನು ಮಾಡೋಕಾಗುತ್ತೆ? ಇಲ್ಲಿಗೆ ಬರೋ ಹೊತ್ತಿಗೆ ಪೆಟ್ರೋಲು ತುಂಬಿ ಸೋರಿ ನಿಲ್ಲೋದು. ಅದು ಆರೋವರೆಗೆ ಕೂತು ಮಾತಾಡ್ತಿದ್ವಿ. ಆಮೇಲೆ ಒಬ್ಬೊಬ್ಬರೇ ಹೋಗಿ ಮನೆ ಖಾಲಿಯಾಯ್ತು. ಆದ್ರೂ ಅವರು ಇದನ್ನ ಸರಿ ಮಾಡಲಿಲ್ಲ."

ಹೆಂಡತಿ ತಾಯಿಯ ಕೈ ಹಿಡಿದುಕೊಂಡಳು. ನನಗೆ ನಾಚಿಕೆಯಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಆ ವಾರವಿಡೀ ನಾನು ಹೆಂಡತಿಯ ಜೊತೆ ಆಡಿದ ಮಾತುಗಳನ್ನು ನೆನೆಸಿಕೊಂಡೆ: ಸ್ಪ್ಯಾನರ್ ಕೊಡು, ಬಟ್ಟೆ ಕೊಡು, ಟಾರ್ಚ್ ಹಿಡಿ. ಮನೆಯಲ್ಲಿ ಇರುವವರು ನಾವಿಬ್ಬರೇ, ಮೂಲೆಗಳಿಗೇನೂ ಬರವಿಲ್ಲ.

"ಅಳಿಯಂದಿರೇ, ಇದನ್ನ ಮೊದಲಿನ ಹಾಗೆ ಕೆಡಿಸೋಕಾಗುತ್ತಾ?"

"ಅದಕ್ಕೇನಮ್ಮ," ಎಂದಳು ಹೆಂಡತಿ, "ಕೆಡಿಸೋದು ಇವರಿಗೆ ನೀರು ಕುಡಿದಷ್ಟು ಸುಲಭ."

ಆಗಲಿಲ್ಲ ಎಂದರೆ ನಂಬುತ್ತೀರಾ? ನಾಲಿಗೆಯನ್ನು ಸ್ವಲ್ಪ ಬಗ್ಗಿಸಿದರೆ ಮೋಟರು ಇಡೀ ಕೆರೆ ಸುತ್ತುವಷ್ಟು ಓಡುತ್ತಿತ್ತು. ಇನ್ನು ಸ್ವಲ್ಪ ಬಗ್ಗಿಸಿದರೆ ದಡವನ್ನೇ ಬಿಡುತ್ತಿರಲಿಲ್ಲ. ನಡುನೀರಿಗೆ ಹೋಗಿ, ಅಲ್ಲಿಯೇ ನಿಂತು, ಮಾತು ಮುಗಿದ ಮೇಲೆ ಮತ್ತೆ ಹೊರಡುವಷ್ಟು ಮಾತ್ರ ಕೆಡಿಸುವ ಹದ ನನ್ನ ಇಕ್ಕಳಕ್ಕೆ ಒಲಿಯಲೇ ಇಲ್ಲ. ಸೋತು ನಾಲಿಗೆಯನ್ನು ನೆಟ್ಟಗೆ ಮಾಡಿಟ್ಟೆ. ಮುಂದಿನ ವಾರ ಮೂವರೂ ಮತ್ತೆ ಹೊರಟಾಗ, ನಡುನೀರಿನಲ್ಲಿ ಯಾರಿಗೂ ಕಾಣದಂತೆ ಪೆಟ್ರೋಲಿನ ನಲ್ಲಿ ತಿರುಗಿಸಿದೆ. ಮೋಟರು ಕೆಮ್ಮಿ ನಿಂತಿತು.

"ಅಯ್ಯೋ, ಕೆಟ್ಟೇಹೋಯ್ತಲ್ಲ," ಎಂದೆ.

ಹೆಂಡತಿ ಮುಖ ತಿರುಗಿಸಿ ನಗು ನುಂಗಿದಳು. ಅತ್ತೆ ನನ್ನನ್ನೂ ನಲ್ಲಿಯನ್ನೂ ಒಮ್ಮೆ ನೋಡಿದರು.

"ನಿಮ್ಮ ಮಾವನೂ ಮೊದಮೊದಲು ನಲ್ಲಿ ತಿರುಗಿಸೇ ನೋಡಿದ್ರು. ಮನೇಲಿ ಏನು ಕೆಟ್ಟಿತ್ತು ಅಂತ ಕೇಳಿದ್ರೆ ತೊದಲೋರು. ಪಾಪ, ನಿಮ್ಮ ಹಾಗೇ ಅವರಿಗೂ ಸುಳ್ಳು ಹೇಳೋಕೆ ಬರ್ತಿರಲಿಲ್ಲ."

ನಾನು ಸ್ವಲ್ಪ ಉಬ್ಬಿದೆ. ಮಾವನವರಿಗೂ ನನಗೂ ಒಂದಾದರೂ ಹೋಲಿಕೆ ಸಿಕ್ಕಿತಲ್ಲ.

"ಆದ್ರೆ," ಎಂದರು ಅತ್ತೆ, ಸೆರಗು ಸರಿಮಾಡಿಕೊಂಡು ಮಗಳ ಕಡೆ ತಿರುಗಿ ಕೂರುತ್ತಾ, "ಅವರಿಗೆ ಇಕ್ಕಳ ಹಿಡಿಯೋಕೆ ಬರ್ತಿತ್ತು."