ನಾನು ಟ್ರ್ಯಾಕ್ಟರ್ ಹುಡುಕಿದ್ದು

ಆ ಬುಧವಾರ ನಮ್ಮ ಮನೆಯವರು ಭಾಲ್ಕಿಯಿಂದ ಸಂಜೆಯ ಬಸ್ಸಿಗೆ ಬಂದರು. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತು, "ಏ, ಛಾ ಇಡ್ತಿ ಏನ?" ಎಂದರು. ಆ ದಿನ ಆಡಿದ ಮಾತು ಅಷ್ಟೇ. ಛಾ ಕುಡಿದರು, ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ. ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಅದೇ ಕೊನೆಯ ಛಾ ಎಂದು ಗೊತ್ತಿದ್ದರೆ, ಡಾಕ್ಟರು ಬೇಡವೆಂದ ಸಕ್ಕರೆಯನ್ನು ಒಂದು ಚಮಚ ಹೆಚ್ಚೇ ಹಾಕುತ್ತಿದ್ದೆ.

ಮನೆಯಲ್ಲಿ ಮಾತನ್ನು ಇಷ್ಟು ಜೋಪಾನ ಮಾಡುತ್ತಿದ್ದ ಮನುಷ್ಯನ ಉದ್ಯೋಗವೇ ಮಾತಾಡುವುದು. ಮೊದಲು ಆಟೋದಲ್ಲಿ ಮೈಕು ಹಿಡಿದು ಬೀದರದ ಗಲ್ಲಿ ಗಲ್ಲಿ ಸುತ್ತಿ ಸೀರೆ ಅಂಗಡಿಗಳ ಸುದ್ದಿ ಸಾರುತ್ತಿದ್ದರು. ಆಮೇಲೆ ವಿಲಾಸ ಎಂಬವರು ಭಾಲ್ಕಿಯಲ್ಲಿ ಬೀಜದ ಅಂಗಡಿಯ ಮೇಲಿನ ಕೋಣೆಯಲ್ಲಿ, ಫೋನುಗಳಿಗೆ ಜಾಹೀರಾತು ಕಳಿಸುವ ಕಂಪನಿ ತೆರೆದರು. ಇವರ ದನಿ ಆಟೋ ಇಳಿದು ಫೋನು ಹತ್ತಿತು. ದನಿಯಂತೂ ದನಿಯೇ. ಚರ್ಚಿನಲ್ಲಿ ಇವರು ಬೈಬಲ್ ವಾಕ್ಯ ಓದಿದರೆ ಹಿಂದಿನ ಸಾಲಿನ ಕಿವುಡಜ್ಜಿ ಕೂಡ ಸರಿಯಾದ ಜಾಗದಲ್ಲಿ ಆಮೆನ್ ಅನ್ನುತ್ತಿದ್ದಳು. ಕಂಡವರ ತೊಗರಿಯನ್ನು "ಬಂಗಾರದಂಥ ಬ್ಯಾಳಿ" ಎಂದು ಹೊಗಳಿ ಬಂದು, ಅದೇ ಬೇಳೆಯಲ್ಲಿ ನಾನು ಮಾಡಿದ ಸಾರನ್ನು ತುಟಿ ಬಿಚ್ಚದೆ ಉಣ್ಣುತ್ತಿದ್ದರು. ನನ್ನ ಹೆಸರು ಸುಗುಣಾ. ಆದರೆ ನಮ್ಮ ಕಡೆ ನಮ್ಮ ಕಾಲದವರಲ್ಲಿ ಗಂಡ ಹೆಂಡತಿ ಒಬ್ಬರ ಹೆಸರು ಇನ್ನೊಬ್ಬರು ಹಿಡಿಯುವುದಿಲ್ಲ. ಅವರಿಗೆ ನಾನು ಮನೆಯೊಳಗೆ "ಏ", ಜನರ ಮುಂದೆ "ಇಕಿ". ನನಗೆ ಅವರು "ಏನ್ರಿ". ಇಡೀ ಸಂಸಾರ ಇಷ್ಟರ ಮೇಲೆ ನಡೆದುಹೋಯಿತು.

ಮಣ್ಣು ಮಾಡಿ ಕೆಲವು ವಾರ ಕಳೆದಿದ್ದವು. ಫೋನಿನಲ್ಲಿ ಯಾರೋ ಎಣ್ಣೆಗಾಯಿ ಮಾಡುವುದನ್ನು ನೋಡುತ್ತ ಕುಳಿತಿದ್ದೆ. ಒಮ್ಮೆಲೇ, "ನಮಸ್ಕಾರ್ರಿ ರೈತ ಬಾಂಧವ್ರೇ! ನೆಲಾ ಹದ ಮಾಡ್ಲಾಕ ಮಜಬೂತ ಟ್ರ್ಯಾಕ್ಟರ್ ಬೇಕೇನ್ರಿ?" ಎಂದಿತು ಅವರ ದನಿ. ಫೋನು ಹತ್ತಿರ ಹಿಡಿದೆ. ಬೇಡವಾದರೆ ಮುಂದೆ ಹೋಗಿ ಎಂದು ಫೋನು ತೋರಿಸುತ್ತಿತ್ತು. ಮುಂದೆ ಎಲ್ಲಿಗೆ ಹೋಗಲಿ? ಜಾಹೀರಾತು ತಾನೇ ಮುಗಿದು ಎಣ್ಣೆಗಾಯಿಯ ಬದನೆಕಾಯಿ ಮತ್ತೆ ಬಂತು. ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ, ಅವರು ಬರಲಿಲ್ಲ. ನನ್ನ ಅಣ್ಣನ ಮಗಳು ರೂಪಾ ನಕ್ಕಳು.

"ಅತ್ತೀ, ಕೊಳ್ಳೋರಿಗೇ ಅದು ತೋರಸ್ತದ. ನೀವು ಬದನಿಕಾಯಿ ನೋಡಕೋತ ಕುಂತ್ರ ಮಾಮಾ ಯಾಕ ಬರ್ತಾರ? ಟ್ರ್ಯಾಕ್ಟರ್ ಹುಡುಕ್ರಿ."

ಹುಡುಕಿದೆ. ಬೀದರದ ಚಿದ್ರಿಯಲ್ಲಿ ಎರಡು ಕೋಣೆಯ ಮನೆ, ಅಂಗಳದಲ್ಲಿ ಒಂದು ಕರಿಬೇವಿನ ಗಿಡ. ನನ್ನ ಬೇಸಾಯವೆಂದರೆ ಅದು. ಆದರೂ ಟ್ರ್ಯಾಕ್ಟರ್ ನೋಡಿದೆ, ಪಂಪು ನೋಡಿದೆ, ಎಮ್ಮೆಗೆ ಹಿಂಡಿ ನೋಡಿದೆ, ಇಲ್ಲದ ಮಗಳ ಮದುವೆಗೆ ಸೀರೆ ನೋಡಿದೆ. ಅವರು ಬಂದರು. ಒಮ್ಮೊಮ್ಮೆ ಸಾರು ಕುದಿಯುವುದರೊಳಗೆ ಎರಡು ಸಲ ಬಂದರು. ಫೋನು ನನ್ನನ್ನು ದೊಡ್ಡ ಸಾಹುಕಾರ್ತಿ ಎಂದೇ ನಂಬಿತು. ಒಂದು ದಿನ ಔರಾದದಿಂದ ಟ್ರ್ಯಾಕ್ಟರ್ ಮಾರುವವನ ಕರೆ ಬಂತು.

"ಅವ್ವಾರೇ, ಹೊಲ ಎಷ್ಟದರಿ?"

"ಹೊಲ ಇಲ್ಲರಿ."

"ಮತ್ತ ದಿನಾ ಟ್ರ್ಯಾಕ್ಟರ್ ಯಾಕ ನೋಡ್ತೀರಿ?"

"ಜಾಹೀರಾತು ಛಲೋ ಅದರಿ."

ಆತ, "ಮನ್ಯಾಗ ಯಾರರೆ ದೊಡ್ಡೋರು ಇದ್ರ ಫೋನ್ ಕೊಡ್ರಿ" ಎಂದ. ದೊಡ್ಡವರು ಫೋನಿನೊಳಗೇ ಇದ್ದಾರೆ ಎಂದು ಅವನಿಗೆ ಹೇಗೆ ಹೇಳಲಿ?

ಹೀಗಿರುವಾಗ ರೂಪಾ ಸುದ್ದಿ ತಂದಳು. ವಿಲಾಸರ ಜಾಹೀರಾತು ಕಂಪನಿಯನ್ನು ಹೊರದೇಶದ ಒಂದು ಭಾರೀ ಕಂಪ್ಯೂಟರ್ ಕಂಪನಿ ಕೊಂಡಿತಂತೆ. ನಾನು ಬೆರಗಾಗಿ ಕುಳಿತೆ. ಎಕಂಬಾ ಹಳ್ಳಿಯ ರೈತ ಫೋನಿನಲ್ಲಿ ಯಾವ ಪಂಪಿನ ಜಾಹೀರಾತಿನ ಮುಂದೆ ಎಷ್ಟು ಹೊತ್ತು ನಿಂತ ಎಂಬುದು ಕಡಲಾಚೆಯವರಿಗೆ ಬೇಕಾಗಿದೆ! ಹೈದರಾಬಾದು ದಾಟದ ನಮ್ಮ ಮನೆಯವರ ದನಿ ಸಮುದ್ರ ದಾಟಿದೆ! ಆಕಾಶದ ನಕ್ಷತ್ರ ನೋಡಿದಾಗ ಆಗುತ್ತದಲ್ಲ, ಹಾಗೆ ಮೈ ಜುಮ್ಮೆಂದಿತು. ಭಾನುವಾರ ಚರ್ಚಿನ ಬಾಗಿಲಲ್ಲಿ ನಾಲ್ಕು ಜನರಿಗೆ ಹೇಳಿಯೂ ಹೇಳಿದೆ.

ಅದರ ಮರುವಾರ ಟ್ರ್ಯಾಕ್ಟರ್ ಬಂತು. ಮಾತು ಅದೇ, ದನಿ ಬೇರೆ. "ನಮಸ್ಕಾರ ರೈತ ಬಾಂಧವರೇ" ಎಂದಿತು ಒಂದು ಯಂತ್ರ. ಉಸಿರಿಲ್ಲ, ಒಂದು "ರಿ" ಇಲ್ಲ. ಪಂಪೂ ಹಾಗೆ, ಬೇಳೆಯೂ ಹಾಗೆ. ಹೊಸ ಮಾಲೀಕರು ಹಳೆಯ ದನಿಗಳನ್ನೆಲ್ಲ ತೆಗೆದುಹಾಕಿದ್ದರು. ಒಬ್ಬ ಮನುಷ್ಯನನ್ನು ಎಷ್ಟು ಸಲ ಮಣ್ಣು ಮಾಡುವುದು ಎಂದುಕೊಂಡು ಭಾಲ್ಕಿ ಬಸ್ಸು ಹತ್ತಿದೆ.

ಬೀಜದ ಅಂಗಡಿಯ ಮೇಲೆ ಸಾಮಾನು ಕಟ್ಟುತ್ತಿದ್ದರು. ವಿಲಾಸ ಊರಲ್ಲಿರಲಿಲ್ಲ, ಕಂಪ್ಯೂಟರಿನ ಮುಂದೆ ಒಬ್ಬ ಹೆಣ್ಣುಮಗಳಿದ್ದಳು.

"ಅವರ ದನಿ ಬೇಕಾಗಿತ್ತವ್ವಾ."

"ಯಾರದ್ರಿ?"

"ಅವರದೇ. ಭಾರಿ ದನಿ. ಮೀಸಿ ಇತ್ತು."

"ದನಿ ಒಳಗ ಮೀಸಿ ಕಾಣಲ್ಲರಿ ಕಾಕಿ. ಹೆಸರು ಹೇಳ್ರಿ."

ಇಷ್ಟು ವರ್ಷ ಹಿಡಿಯದ ಹೆಸರು ಈಗ ಹೇಗೆ ಹಿಡಿಯಲಿ? ಕೊನೆಗೆ ಚೀಲದಿಂದ ಅವರ ಆಧಾರ್ ಕಾರ್ಡು ತೆಗೆದು ಚಾಚಿದೆ. "ಪ್ರಭುದಾಸ ಮಾಮಾ ಏನ್ರಿ! ಮೊದ್ಲೇ ಹೇಳಬಾರದಾ?" ಎಂದು ಗದರಿಸಿದವಳೇ ನನ್ನ ಮುಖ ನೋಡಿ ಮೆತ್ತಗಾದಳು. ತಯಾರಾದ ಜಾಹೀರಾತುಗಳೆಲ್ಲ ಕಂಪನಿಯ ಜೊತೆ ಹೋಗಿದ್ದವು. ಕತ್ತರಿಸದ ಮೊದಲ ರೆಕಾರ್ಡಿಂಗುಗಳು ಯಾರಿಗೂ ಬೇಡವಾಗಿ ಅಲ್ಲೇ ಉಳಿದಿದ್ದವು. ವಿಲಾಸರಿಗೆ ಫೋನು ಮಾಡಿ ಕೇಳಿ, ಎಲ್ಲವನ್ನೂ ನನ್ನ ಫೋನಿಗೆ ಹಾಕಿಕೊಟ್ಟಳು.

ಈಗ ದಿನಾ ಕೇಳುತ್ತೇನೆ. ಕೆಮ್ಮುತ್ತಾರೆ, ನೀರು ಕೇಳುತ್ತಾರೆ, ಫ್ಯಾನು ಬಂದ್ ಮಾಡಿಸುತ್ತಾರೆ. ಹಿಂಡಿಯ ಜಾಹೀರಾತನ್ನು ಮತ್ತೊಮ್ಮೆ ಹೇಳಿ ಎಂದು ವಿಲಾಸ ಅಂದಾಗ ಬೇಸತ್ತು, "ಜಲ್ದಿ ಮುಗಸ್ರಿ ಮಾರಾಯ್ರ. ಇಕಿ ಛಾ ಇಟ್ಟು ಹಾದಿ ನೋಡ್ತಿರ್ತಾಳ. ಅಂಥಾ ಛಾ ನಿಮ್ಮ ಭಾಲ್ಕಿದಾಗ ಎಲ್ಲೂ ಸಿಗಲ್ಲ" ಎನ್ನುತ್ತಾರೆ. ಆ ದೊಡ್ಡ ಕಂಪನಿ ಎಲ್ಲವನ್ನೂ ಕೊಂಡು, ನನ್ನ ಛಾದ ಈ ಒಂದು ಜಾಹೀರಾತನ್ನು ಬಿಟ್ಟುಹೋಗಿದೆ.

ಟ್ರ್ಯಾಕ್ಟರ್ ಹುಡುಕುವುದನ್ನು ಬಿಟ್ಟಿದ್ದೇನೆ; ಔರಾದದವನು ಇನ್ನೂ ಫೋನು ಮಾಡುತ್ತಾನೆ. ರೆಕಾರ್ಡಿಂಗುಗಳನ್ನೆಲ್ಲ ಕೊನೆಯವರೆಗೆ ಕೇಳಿದ್ದೇನೆ. ಗಂಡನ ಹೆಸರು ಹೇಳಲಾಗದೆ ಆಧಾರ್ ಕಾರ್ಡು ಚಾಚಿದ ಹೆಂಗಸು ಆ ದನಿಯಲ್ಲಿ ತನ್ನ ಹೆಸರು ಹುಡುಕಬಾರದು, ಗೊತ್ತು. ಅದರಲ್ಲಿ ಪಂಪಿನ ಹೆಸರಿದೆ, ಹಿಂಡಿಯ ಹೆಸರಿದೆ, ಸೀರೆ ಅಂಗಡಿಗಳ ಹೆಸರಿದೆ. ಸುಗುಣಾ ಎಂದು ಎಲ್ಲಿಯೂ ಇಲ್ಲ.